ಜುಟ್ಟಿನ ಹ್ಯಾಟೆಯ ಕೊನೆಯ ಪಿಳ್ಳೆ

ಮೊದಲೇ ಹೇಳಿಬಿಡುತ್ತೇನೆ, ನಾವು ಕೋಳಿ ತಿನ್ನುವ ಜನ. ಭಾನುವಾರ ಕೋಳಿಸಾರು, ಕಡುಬು ಆಗದಿದ್ದರೆ ಏನೋ ಕಳೆದುಕೊಂಡವರ ಹಾಗೆ ಮನೆ ತುಂಬ ಓಡಾಡುತ್ತೇವೆ. ಸಾಕಿದ ಹುಂಜ ಕೊಯ್ಯುವಾಗ ನಾನು ಮುಖ ತಿರುಗಿಸಿಕೊಂಡವಳೂ ಅಲ್ಲ. ಬಿಸಿನೀರು ಹುಯ್ದು ಪುಕ್ಕ ಕಿತ್ತವಳು. ಅಂಥವಳು ಮುಷ್ಟಿಯೊಳಗೆ ಅಡಗುವ ಒಂದು ಕೋಳಿಪಿಳ್ಳೆಗಾಗಿ ಊಟ ಬಿಟ್ಟು ಕೂತಳು ಅಂದರೆ ಯಾರಿಗಾದರೂ ನಗು ಬರುತ್ತದೆ. ಮೊದಲು ನಕ್ಕವರು ನನ್ನ ಗಂಡ. "ಇದ್ಕೆಲ್ಲ ಅಳ್ತಾ ಕೂತ್ರೆ ಭಾನ್ವಾರ ಸಾರು ಮಾಡೋರ್ಯಾರು ಮಾರಾಯ್ತಿ?" ಅಂದರು. ಅವರ ಮೇಲೆ ನನಗೆ ಆಗ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ನನ್ನ ತವರು ಹೊಸನಗರ ತಾಲ್ಲೂಕಿನ ನಿಟ್ಟೂರಿನ ಕಡೆ. ಕೊಟ್ಟ ಮನೆ ತೀರ್ಥಹಳ್ಳಿಯ ಮೇಳಿಗೆಯ ಹತ್ತಿರ. ನಮ್ಮಲ್ಲಿ ಒಂದು ಪದ್ಧತಿ ಇದೆ. ಬಾಣಂತನ ಮುಗಿಸಿ ಮಗಳು ಗಂಡನ ಮನೆಗೆ ಹೊರಡುವಾಗ ತಾಯಿ ಒಂದು ಹ್ಯಾಟೆಯನ್ನು, ಅಂದರೆ ಹೆಣ್ಣು ಕೋಳಿಯನ್ನು, ಜೊತೆಗೆ ಕೊಟ್ಟು ಕಳಿಸುತ್ತಾಳೆ. ಗಂಡನ ಮನೆಯಲ್ಲಿ ಕೋಳಿಗೆ ಬರ ಅಂತಲ್ಲ. ತವರಿನ ಕೋಳಿ ಇಟ್ಟ ಮೊಟ್ಟೆಯ ಮೇಲೆ ಅತ್ತೆಯ ಅಧಿಕಾರ ನಡೆಯುವುದಿಲ್ಲ, ಅದಕ್ಕೆ. ಮಗುವಿಗೆ ಬೇಯಿಸಿಕೊಡಲಿ, ತಾನೇ ತಿನ್ನಲಿ, ಮಾರಿ ಬಳೆ ಇಟ್ಟುಕೊಳ್ಳಲಿ, ಯಾರನ್ನೂ ಕೇಳಬೇಕಿಲ್ಲ. ಹೊಸ ಮನೆಯಲ್ಲಿ ಮಗಳಿಗೆ ಕೇಳದೆ ಕೈಹಾಕಲು ಏನಾದರೂ ಒಂದು ಇರಲಿ ಅಂತ ಹಿಂದಿನವರು ಮಾಡಿದ್ದಿರಬೇಕು.

ನನ್ನ ಮಗಳು ಹುಟ್ಟಿದಾಗ ಅವ್ವ ಕೊಟ್ಟದ್ದು ಬೂದಿ ಬಣ್ಣದ, ತಲೆಯ ಮೇಲೆ ದೊಡ್ಡ ಜುಟ್ಟಿದ್ದ ಹ್ಯಾಟೆ. ನಮ್ಮ ಮನೆಯ ಕೋಳಿಗಳೆಲ್ಲ ಹಾಗೇ, ಅಜ್ಜಿಯ ಕಾಲದಿಂದ ಜುಟ್ಟಿನವು. ಅದನ್ನು ಕೈಚೀಲದಲ್ಲಿ ಹಾಕಿ, ಕತ್ತು ಮಾತ್ರ ಹೊರಗೆ ಬಿಟ್ಟು, ಕಂಕುಳಲ್ಲಿ ಮಗು ಹಿಡಿದುಕೊಂಡು ಬಸ್ಸು ಹತ್ತಿದೆ. ಕಂಡಕ್ಟರು ಜುಟ್ಟು ನೋಡಿ, "ಈ ಅಮ್ಮೋರಿಗೂ ಒಂದು ಟಿಕೆಟ್ ಕೊಡ್ಲಾ?" ಅಂದ. ಬಸ್ಸಿನ ಜನವೆಲ್ಲ ನಕ್ಕರು. ನಾನೂ ನಕ್ಕೆ. ತವರು ಬಿಟ್ಟು ಬರುವಾಗ ಅಳದೆ ಬಂದದ್ದು ಅದೊಂದೇ ಸಲ.

ನಮ್ಮ ಅತ್ತೆಯ ಬಾಯಿ ಕೇಳಬೇಡಿ. ಅಂಗಳದಲ್ಲಿ ಚೀಲ ಬಿಚ್ಚುತ್ತಿದ್ದ ಹಾಗೆ, "ಅಯ್ಯಯ್ಯೋ, ನಿಮ್ಮ ನಿಟ್ಟೂರು ಕಡೆ ಕೋಳಿಗೆ ಮೊಟ್ಟೆಗಿಂತ ಜುಟ್ಟೇ ದೊಡ್ಡದು ಕಣೆ! ಕಣ್ಣೇ ಮುಚ್ಕೊಂಡದೆ. ಇದು ಗಿಡುಗನ್ನ ಎಲ್ಲಿಂದ ನೋಡತ್ತೆ?" ಅಂದರು. ಆಮೇಲೆ ಎಷ್ಟೋ ವರ್ಷ ಅದೇ ಮಾತು. ನನ್ನ ಕೋಳಿ ಸೊಪ್ಪಿನ ಮಡಿ ಕೆದಕಿದರೆ ಅದು ನಿಟ್ಟೂರಿನ ಬುದ್ಧಿ. ಅವರ ಕೋಳಿ ಕೆದಕಿದರೆ ಕೋಳಿ ಅಂದಮೇಲೆ ಕೆದಕದೇ ಇರತ್ತಾ ಅನ್ನುತ್ತಿದ್ದರು. ನಾನೇನು ಸುಮ್ಮನಿರುವ ಪೈಕಿಯೇ? "ನಿಮ್ಮ ಕೋಳಿಗೆ ಜುಟ್ಟು ಇಲ್ಲ ಅಂತ ಹೊಟ್ಟೆಕಿಚ್ಚು ಅತ್ತೆ" ಅನ್ನುತ್ತಿದ್ದೆ. ಹೀಗೆ ಜಗಳವಾಡಿಕೊಂಡೇ ನಾವಿಬ್ಬರೂ ಒಂದೇ ಅಡುಗೆಮನೆಯಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡೆವು.

ಆ ಹ್ಯಾಟೆಯ ಮಗಳು, ಮೊಮ್ಮಗಳು ಅಂತ ಜುಟ್ಟಿನ ಸಂತಾನ ನಮ್ಮ ಅಂಗಳದಲ್ಲಿ ನಡೆದುಕೊಂಡು ಬಂತು. ಈ ನಡುವೆ ನಿಟ್ಟೂರಿನ ಮನೆಯಲ್ಲಿ ಕೋಳಿ ಸಾಕುವುದು ನಿಂತೇ ಹೋಯಿತು. ತಮ್ಮ ಕೋಳಿಗೂಡು ಕಿತ್ತು ಆ ಜಾಗದಲ್ಲಿ ಬೈಕು ನಿಲ್ಲಿಸುತ್ತಾನೆ. ಬೇಕಾದಾಗ ಪೇಟೆಯಿಂದ ಬಾಯ್ಲರ್ ಕೋಳಿ ತರುತ್ತಾನೆ. ಅವ್ವ ತೀರಿಕೊಂಡಳು. ಅವಳ ಸೀರೆಗಳನ್ನು ಹಂಚಿ ಆಯಿತು, ಎಲೆಅಡಿಕೆಯ ಚೀಲವನ್ನು ಯಾರೋ ಒಲೆಗೆ ಹಾಕಿದರು. ಅವಳ ಕೈಯಿಂದ ಬಂದದ್ದರಲ್ಲಿ ಉಸಿರಾಡುವಂಥದ್ದು ಉಳಿದಿದ್ದು ನನ್ನ ಅಂಗಳದ ಜುಟ್ಟಿನ ಕೋಳಿಗಳು ಮಾತ್ರ.

ಅವಕ್ಕೂ ಬಂತು ಕೇಡು. ಕಳೆದ ಬೇಸಿಗೆಯಲ್ಲಿ ಊರಿಗೆಲ್ಲ ಕೊಕ್ಕರೆ ರೋಗ ಹೊಡೆಯಿತು. ಬೆಳಿಗ್ಗೆ ಕಾಳು ತಿಂದ ಕೋಳಿ ಸಂಜೆಗೆ ಕತ್ತು ತಿರುಚಿಕೊಂಡು ಬಿದ್ದಿರುತ್ತಿತ್ತು. ಅತ್ತೆಯ ಕೋಳಿಗಳೂ ಹೋದವು, ನನ್ನವೂ ಹೋದವು. ಉಳಿದದ್ದು ನನ್ನದೊಂದು ಮುದಿ ಹ್ಯಾಟೆ. ಅದು ಉಳಿದದ್ದೂ ಅತ್ತೆಯಿಂದಲೇ. ರೋಗ ಪಕ್ಕದ ಮನೆಗೆ ಬಂದಾಗಲೇ ಅದನ್ನೊಂದನ್ನು ಎತ್ತಿಕೊಂಡು ಹೋಗಿ ಸೌದೆ ಕೊಟ್ಟಿಗೆಯಲ್ಲಿ ಕೂಡಿ, ಬೆಳ್ಳುಳ್ಳಿ ಜಜ್ಜಿ ತಿನ್ನಿಸಿದ್ದರು. "ನಿಮ್ಮ ಕೋಳಿ ಬಿಟ್ಟು ನನ್ನದನ್ನ ಯಾಕೆ ಉಳಿಸಿದ್ರಿ ಅತ್ತೆ?" ಅಂತ ಕೇಳಿದೆ. "ಕೈಗೆ ಸಿಕ್ಕಿದ್ದು ಅದು. ನಂದು ಓಡಿ ಹೋತು" ಅಂದರು. ಆ ಮುದಿ ಹ್ಯಾಟೆಗೆ ಓಡಲು ಆಗುತ್ತಿರಲಿಲ್ಲ ನಿಜ. ಆದರೆ ಅತ್ತೆ ಹೇಳಿದ್ದು ಸುಳ್ಳು ಅಂತ ನನಗೆ ಗೊತ್ತಿತ್ತು.

ಮೊಟ್ಟೆ ನಿಲ್ಲಿಸಿಬಿಟ್ಟಿದೆ ಅಂದುಕೊಂಡಿದ್ದ ಆ ಹ್ಯಾಟೆ ಮಾಗಿಯ ಚಳಿ ಶುರುವಾಗುವ ಹೊತ್ತಿಗೆ ಪಕ್ಕದ ಮನೆಯವರು ಹೊಸದಾಗಿ ತಂದ ಹುಂಜದ ದಯೆಯಿಂದ ಮತ್ತೆ ಏಳೆಂಟು ಮೊಟ್ಟೆ ಇಟ್ಟು ಕಾವಿಗೆ ಕೂತಿತು. ಇದೇ ಕೊನೆಯ ಕಾವು ಅಂತ ಅತ್ತೆಯೂ ಹೇಳಿದರು, ನೋಡಿದವರೆಲ್ಲ ಹೇಳಿದರು. ಹೆಚ್ಚಿನವು ಒಡೆಯಲೇ ಇಲ್ಲ, ಒಳಗೇ ಕೆಟ್ಟಿದ್ದವು. ಒಡೆದು ಬಂದದ್ದರಲ್ಲಿ ಒಂದನ್ನು ಕಾಗೆ ಎತ್ತಿತು, ಇನ್ನೊಂದು ಹುಟ್ಟಿದ ದಿನವೇ ಸತ್ತಿತು. ಕೊನೆಗೆ ಉಳಿದದ್ದು ಒಂದೇ ಒಂದು ಪಿಳ್ಳೆ. ನೆತ್ತಿಯ ಮೇಲೆ ಕಡಲೆಕಾಳಿನಷ್ಟು ಉಬ್ಬು, ಅದರ ಮೇಲೆ ಎದ್ದು ನಿಂತ ತುಪ್ಪಳ. ಹುಟ್ಟುತ್ತಲೇ ಜುಟ್ಟು! ನಾನು ಸಾಗರದ ಹಾಸ್ಟೆಲಿನಲ್ಲಿದ್ದ ಮಗಳಿಗೆ ಫೋಟೋ ಕಳಿಸಿದೆ. "ಅಜ್ಜಿ ಕೋಳಿ ಅಲ್ವಾ ಅಮ್ಮ!" ಅಂತ ಅವಳಿಂದ ಉತ್ತರ ಬಂತು.

ನಾನು ಜಗಲಿಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು ರವಿಕೆ ಹೊಲಿಯುತ್ತೇನೆ. ಮಾಘದಲ್ಲಿ ಮದುವೆಗಳು ಒಂದರ ಮೇಲೊಂದು. ಆ ದಿನ ಬೆಳಿಗ್ಗೆ ಮದುವೆ ಹೆಣ್ಣಿನ ರವಿಕೆಗೆ ತೋಳು ಕೂಡಿಸುತ್ತಿದ್ದೆ. ಹ್ಯಾಟೆ ಅಂಗಳದ ತುದಿಯಲ್ಲಿ ಕೆದಕುತ್ತಿತ್ತು, ಪಿಳ್ಳೆ ಅದರ ಕಾಲ ಸಂದಿಯಲ್ಲಿ ಚಿಂವ್ ಚಿಂವ್ ಅನ್ನುತ್ತಿತ್ತು. ಇದ್ದಕ್ಕಿದ್ದ ಹಾಗೆ ಹ್ಯಾಟೆ ಕಿರುಚಿತು. ತಲೆ ಎತ್ತುವಷ್ಟರಲ್ಲಿ ಗಿಡುಗ ನೆಲ ಮುಟ್ಟಿ ಆಗಿತ್ತು. ಅತ್ತೆ ಎಂದೋ ತಮಾಷೆಗೆ ಆಡಿದ ಮಾತು ನಿಜವಾಯಿತು. ಜುಟ್ಟು ಕಣ್ಣಿಗೆ ಅಡ್ಡವಿದ್ದ ಹ್ಯಾಟೆ ಅದನ್ನು ನೋಡಿದ್ದೇ ತಡವಾಗಿ.

ಆದರೆ ಆಮೇಲೆ ಆ ಮುದಿ ಕೋಳಿ ಮಾಡಿದ್ದನ್ನು ನೆನೆದರೆ ಈಗಲೂ ಮೈ ಜುಂ ಅನ್ನುತ್ತದೆ. ಓಡಲಾರದ ಹ್ಯಾಟೆ ಹಾರಿತು! ಗಿಡುಗ ಪಿಳ್ಳೆಯನ್ನು ಹಿಡಿದು ಎದ್ದಿತ್ತು, ಹ್ಯಾಟೆ ಅದರ ಎದೆಗೇ ನುಗ್ಗಿ ಎರಡು ಕಾಲಲ್ಲೂ ಪರಚಿತು. ಗಾಳಿಯಲ್ಲಿ ಪುಕ್ಕ ಚೆದುರಿದವು. ನಾನು ಕೈಯಲ್ಲಿದ್ದ ಅಳತೆಕೋಲು ಬೀಸಿಕೊಂಡು "ಹೋ ಹೋ" ಅಂತ ಓಡುವಷ್ಟರಲ್ಲಿ ಗಿಡುಗ ಹಿಡಿದದ್ದನ್ನು ಬಿಟ್ಟು ಹೋಯಿತು. ಪಿಳ್ಳೆ ಹುಲ್ಲಿನ ಗೊಣಬೆಯ ಬುಡದಲ್ಲಿ ಬಿದ್ದಿತು.

ಎತ್ತಿಕೊಂಡು ನೋಡಿದೆ. ನೋಡಬಾರದಾಗಿತ್ತು. ಕತ್ತಿನಿಂದ ರೆಕ್ಕೆಯ ಬುಡದವರೆಗೆ ಬೆನ್ನಿನ ಚರ್ಮ ಸುಲಿದು ಒಂದು ಕಡೆ ಜೋತಿತ್ತು, ಒಳಗಿನ ಮಾಂಸ ಕಾಣುತ್ತಿತ್ತು. ಒಂದು ಕಾಲು ಮುರಿದು ದಾರದ ಹಾಗೆ ನೇತಾಡುತ್ತಿತ್ತು. ಕಣ್ಣು ಮುಚ್ಚಿತ್ತು, ಕತ್ತು ನನ್ನ ಬೆರಳ ಮೇಲೆ ಬಿದ್ದುಕೊಂಡಿತ್ತು. "ಹೋತು ಅತ್ತೆ, ಹೋತು" ಅಂತ ಅಂಗಳದಲ್ಲೇ ಕುಕ್ಕರಿಸಿದೆ.

ಅತ್ತೆ ಒಳಗಿನಿಂದ ತಮ್ಮ ಗಂಜಿಯ ಕಂಚಿನ ಬಟ್ಟಲು ಹಿಡಿದುಕೊಂಡು ಬಂದರು. "ಬಾಯಿ ಮುಚ್ಕೊಂಡು ಇತ್ಲಾಗೆ ಕೊಡು" ಅಂದರು. ಪಿಳ್ಳೆಯನ್ನು ಜಗಲಿಯ ಮೇಲೆ ಮಲಗಿಸಿ, ಬಟ್ಟಲನ್ನು ಬೋರಲು ಮುಚ್ಚಿ, ಗಾಳಿ ಆಡಲು ಅಂಚಿನ ಕೆಳಗೆ ಒಂದು ಕಡ್ಡಿ ಇಟ್ಟರು. ಆಮೇಲೆ ಉಂಗುರದ ಬೆರಳಿನಿಂದ ಬಟ್ಟಲಿನ ಬೆನ್ನಿಗೆ ತಟ್ಟತೊಡಗಿದರು. ಟಣ್, ಟಣ್, ಟಣ್. ನಮ್ಮ ಹಳ್ಳಿಗಳಲ್ಲಿ ಪೆಟ್ಟು ತಿಂದ ಪಿಳ್ಳೆಗೆ ಮಾಡುವ ಮೊದಲ ಮದ್ದು ಇದು. ಹೊರಟ ಜೀವ ಕಂಚಿನ ಸದ್ದು ಕೇಳಿದರೆ ಏನದು ಅಂತ ತಿರುಗಿ ನೋಡುತ್ತದಂತೆ. ಅವ್ವ ಕೂಡ ಹೀಗೇ ತಟ್ಟುತ್ತಿದ್ದಳು. ನನಗೆ ನಂಬಿಕೆ ಇರಲಿಲ್ಲ. ಆದರೆ ಬೇರೆ ಏನು ಮಾಡಬೇಕು ಅಂತಲೂ ತಿಳಿಯಲಿಲ್ಲ, ನೋಡುತ್ತಾ ಕೂತೆ.

ಸ್ವಲ್ಪ ಹೊತ್ತಿನ ಮೇಲೆ ಬಟ್ಟಲಿನ ಒಳಗೆ ಚಿಂವ್ ಅಂತ ಕೇಳಿತು. ಅತ್ತೆ ಬಟ್ಟಲು ಎತ್ತಿದರು. ಪಿಳ್ಳೆ ಕಣ್ಣು ಬಿಟ್ಟುಕೊಂಡು, ಒಂದೇ ಕಾಲ ಮೇಲೆ ಏಳಲು ಹೋಗಿ ಮಗುಚಿ ಬಿತ್ತು. "ನೋಡ್ದ್ಯಾ? ನಿಮ್ಮ ನಿಟ್ಟೂರಿಂದು ಅಷ್ಟ್ ಸಲೀಸಾಗಿ ಸಾಯತ್ತಾ, ಹಟಮಾರಿ ಜಾತಿ" ಅಂದರು.

ಪೇಟೆಯ ದನದ ಡಾಕ್ಟರಿಗೆ ಫೋನ್ ಮಾಡಿದೆ. ಪಾಪ, ಒಳ್ಳೆಯ ಮನುಷ್ಯ, ನಗಲಿಲ್ಲ. "ಅಷ್ಟು ಸಣ್ಣದಕ್ಕೆ ಇಂಜೆಕ್ಷನ್ ಎಂತ ಕೊಡಕ್ಕೂ ಆಗಲ್ಲಮ್ಮ. ಬೆಚ್ಚಗೆ ಇಡಿ, ನೀರು ಕುಡಿಸಿ, ಉಳಿದ್ರೆ ಅದರ ಪುಣ್ಯ" ಅಂದರು. ಚರ್ಮ ಜೋತಿದೆಯಲ್ಲ ಅಂದರೆ, "ಹೊಲಿಯಕ್ಕೆ ಬಂದ್ರೆ ಹೊಲೀರಿ" ಅಂದರು. ಹೊಲಿಯಲು ಬರದೆ ಏನು! ಊರಿಗೆಲ್ಲ ರವಿಕೆ ಹೊಲಿಯುವವಳು ನಾನು.

ಅತಿ ಸಣ್ಣ ಸೂಜಿ ಕುದಿಸಿದೆ. ಹೆಮ್ಮಿಂಗಿನ ರೇಷ್ಮೆ ದಾರದಲ್ಲಿ ಆ ಹೊತ್ತು ಕೈಗೆ ಬಂದದ್ದು ಮದುವೆ ಹೆಣ್ಣಿನ ರವಿಕೆಯ ಕೆಂಪು. ಅತ್ತೆ ಪಿಳ್ಳೆಯನ್ನು ಅಂಗೈಯಲ್ಲಿ ಹಿಡಿದರು. ನಾನು ಕನ್ನಡಕ ಏರಿಸಿಕೊಂಡು ಬೆನ್ನಿನ ಚರ್ಮ ಎಳೆದು ಕೂಡಿಸಿ ಹೊಲಿದೆ. ಈರುಳ್ಳಿ ಸಿಪ್ಪೆಯಷ್ಟು ತೆಳು ಚರ್ಮ, ಸೂಜಿ ಚುಚ್ಚಿದಾಗಲೆಲ್ಲ ಆ ಇಷ್ಟಗಲದ ಮೈ ಸೆಟೆದುಕೊಳ್ಳುತ್ತಿತ್ತು. ನನ್ನ ಕಣ್ಣೀರು ಅದರ ಮೇಲೆ ಬಿದ್ದು, "ಉಪ್ಪುನೀರು ಬೀಳಿಸ್ಬ್ಯಾಡ್ವೇ, ಉರಿಯತ್ತೆ ಅದಕ್ಕೆ" ಅಂತ ಅತ್ತೆ ಬೈದರು. ಕೊನೆಯ ಗಂಟು ಹಾಕಿ ದಾರ ಕತ್ತರಿಸಲು ಹೋದಾಗ ಕೈ ಹಿಡಿದರು. "ಉದ್ದ ಬಿಡು. ಗಾಯ ಮಾದ ಮೇಲೆ ತುದಿ ಹಿಡ್ದು ಎಳ್ದ್ರೆ ಬಂದ್ಬಿಡತ್ತೆ." ಕೋಳಿ ಕೆಟ್ಟದ್ದು ನುಂಗಿ ಕತ್ತಿನ ಚೀಲ ಊದಿಕೊಂಡಾಗ ಕುಯ್ದು ತೊಳೆದು ಹೊಲಿಯುವುದು ಹಳ್ಳಿಯ ಹೆಂಗಸರಿಗೆಲ್ಲ ಗೊತ್ತು. ಆಗ ದಾರ ಉದ್ದ ಬಿಡುವುದು ವಾಡಿಕೆ. ನನಗೂ ಸರಿ ಅನ್ನಿಸಿತು. ಬೆರಳುದ್ದದ ಕೆಂಪು ದಾರ ಅದರ ಬೆನ್ನಿನ ಮೇಲೆ ಉಳಿಯಿತು. ಮೇಲಿಂದ ಅರಿಶಿನ, ಕೊಬ್ಬರಿ ಎಣ್ಣೆ ಹಚ್ಚಿ, ಮುರಿದ ಕಾಲಿಗೆ ಪೊರಕೆಯಿಂದ ಕಿತ್ತ ಹಿಡಿಕಡ್ಡಿಯ ತುಂಡು ಕಟ್ಟಿದೆವು.

ಬೆಚ್ಚಗೆ ಇಡುವುದು ಇನ್ನೊಂದು ಪಡಿಪಾಟಲು. ಈಗ ಎಲ್ಲರ ಮನೆಯಲ್ಲೂ ಎಲ್ಇಡಿ, ಅದು ಬೆಳಕು ಕೊಡುತ್ತದೆ, ಬಿಸಿ ಕೊಡುವುದಿಲ್ಲ. ಹಳೆಯ ಕಾಲದ ಬಿಸಿ ಬಲ್ಬು ಬೇಕು. ಮೇಳಿಗೆಯ ಅಂಗಡಿಯಲ್ಲಿ ಕೇಳಿದರೆ, "ಅದೆಲ್ಲ ಎಲ್ಲಿ ಸಿಗತ್ತೆ ಅಕ್ಕ ಈಗ" ಅಂದರು. ನಗುತ್ತಿದ್ದ ನನ್ನ ಗಂಡನೇ ಕೊನೆಗೆ ಅಟ್ಟ ಹತ್ತಿ, ಧೂಳು ತಿಂದು, ಒಂದು ಬಲ್ಬು ಹುಡುಕಿ ತಂದರು. ಚಪ್ಪಲಿ ಡಬ್ಬಿಯಲ್ಲಿ ಹಳೆಯ ಪಂಚೆ ಹಾಸಿ, ಅದರ ಮೇಲೆ ಬಲ್ಬು ಇಳಿಬಿಟ್ಟು ಪಿಳ್ಳೆಯನ್ನು ಮಲಗಿಸಿದೆ.

ಆ ದಿನಗಳು ಹೇಗೆ ಹೋದವೋ ನನಗೆ ಸರಿಯಾಗಿ ನೆನಪಿಲ್ಲ. ಹತ್ತಿಯ ಬತ್ತಿಯನ್ನು ನೀರಲ್ಲಿ ಅದ್ದಿ ಕೊಕ್ಕಿನ ಬಳಿ ಹಿಡಿಯುತ್ತಿದ್ದೆ. ಒಂದೊಂದು ಹನಿ ಇಳಿಯುತ್ತಿತ್ತು. ನುಚ್ಚು ಅರೆದು ಹಾಕಿದರೆ ಹೊರಗೆ ಉಗುಳುತ್ತಿತ್ತು. ಗಾಯದ ಒಂದು ತುದಿ ಕೀವಾಯಿತು, ಆ ವಾಸನೆ ನನ್ನ ಬೆರಳಿಗೆ ಹತ್ತಿಕೊಂಡು ಅನ್ನ ಸೇರದ ಹಾಗಾಯಿತು. ಇದು ಉಳಿಯುವುದಿಲ್ಲ ಅಂತ ಒಳಗೆ ಒಂದು ಮನಸ್ಸು ಹೇಳುತ್ತಲೇ ಇತ್ತು. ಅವ್ವನ ಕೊನೆಯ ದಿನಗಳಲ್ಲೂ ಹೀಗೇ ಬತ್ತಿಯಲ್ಲಿ ನೀರು ಹಿಂಡಿದ್ದೆ. ಆಗಲೂ ಒಳಗಿನ ಮನಸ್ಸು ಇದನ್ನೇ ಹೇಳಿತ್ತು, ಅದು ಸುಳ್ಳಾಗಿರಲಿಲ್ಲ.

ಹೊರಗೆ ಹ್ಯಾಟೆಯದು ಬೇರೆಯೇ ಗೋಳು. ಅಂಗಳ ಪೂರ್ತಿ ಪಿಳ್ಳೆಯನ್ನು ಹುಡುಕುತ್ತಿತ್ತು. ಕಾಳು ಸಿಕ್ಕರೆ ಕೊಕ್ಕಿನಲ್ಲಿ ಎತ್ತಿ, ಕೆಳಗೆ ಹಾಕಿ, ಕುಟ್ ಕುಟ್ ಕುಟ್ ಅಂತ ಕರೆಯುತ್ತಿತ್ತು. ಬಾ, ತಿನ್ನು ಬಾ ಅಂತ ತಾಯಿಕೋಳಿ ಮರಿಗೆ ಹೇಳುವ ಸದ್ದು ಅದು. ಒಳಗೆ ಡಬ್ಬಿಯಲ್ಲಿದ್ದ ಪಿಳ್ಳೆ ಆ ಸದ್ದಿಗೆ ಮಾತ್ರ ತಲೆ ಎತ್ತುತ್ತಿತ್ತು. ನನ್ನ ದನಿಗೆ ಎತ್ತುತ್ತಿರಲಿಲ್ಲ. "ಅದಕ್ಕೆ ಬೇಕಾಗಿದ್ದು ನಿನ್ನ ಬಲ್ಬಲ್ಲ ಕಣೆ, ತಾಯಿ" ಅಂತ ಅತ್ತೆ ಆಗಾಗ ಅನ್ನುತ್ತಿದ್ದರು. "ಗಾಯ ಆರ್ಲಿ ಅತ್ತೆ" ಅನ್ನುತ್ತಿದ್ದೆ.

ಒಂದು ಬೆಳಿಗ್ಗೆ ಡಬ್ಬಿಗೆ ಬೆರಳು ಇಟ್ಟಾಗ ಪಿಳ್ಳೆ ಅದನ್ನು ಕುಟುಕಿತು. ನುಚ್ಚು ಹಾಕಿದರೆ ತಾನೇ ಹೆಕ್ಕಿತು. ಕೀವು ಒಣಗಿ ಗಾಯದ ಅಂಚು ಗಟ್ಟಿಯಾಗಿತ್ತು. ಸಂತೋಷಪಡಲು ನನಗೆ ಹೆದರಿಕೆ. ಅತ್ತೆಗೆ ಹೆದರಿಕೆ ಇಲ್ಲ, ಅವರು ಬೇಲಿಯಾಚೆಯ ಮನೆಯವರಿಗೂ ಕೂಗಿ ಹೇಳಿದರು.

ಅದರ ಮಾರನೆಯ ದಿನವೇ ನಾನು ಮದುವೆ ರವಿಕೆಗಳನ್ನು ಕೊಡಲು ತೀರ್ಥಹಳ್ಳಿಗೆ ಹೋಗಬೇಕಾಯಿತು. ಹೋಗದೆ ವಿಧಿಯಿಲ್ಲ, ಮದುವೆಯ ಮನೆ ಕಾಯುತ್ತದೆಯೇ. ಅತ್ತೆಗೆ ನೂರು ಸಲ ಹೇಳಿ ಬಸ್ಸು ಹತ್ತಿದೆ. ನಾನು ಆಚೆ ಹೋಗಿದ್ದೇ ತಡ, ಲೈನ್ ಮೇಲೆ ಕೆಲಸ ಅಂತ ಕರೆಂಟು ತೆಗೆದರು. ಅತ್ತೆ ಡಬ್ಬಿಯನ್ನು ಬಚ್ಚಲ ಒಲೆಯ ಬಳಿ ಇಟ್ಟರು. ಬೆಕ್ಕು ಬಂದು ಕೂತಿತು. ಅಡುಗೆ ಒಲೆಯ ಕಟ್ಟೆಯ ಮೇಲಿಟ್ಟರು. ಬೆಕ್ಕು ಅಲ್ಲಿಗೂ ಬಂತು. ಸೆರಗಲ್ಲಿ ಕಟ್ಟಿಕೊಂಡು ಕೂತರೆ ದನ ಕಟ್ಟುವವರು ಯಾರು? ಮೂರು ಸಂಜೆಯ ಚಳಿ ಇಳಿಯತೊಡಗಿತ್ತು, ಪಿಳ್ಳೆ ನಡುಗುತ್ತಿತ್ತು.

ನಾನು ಬರುವ ಹೊತ್ತಿಗೆ ಮನೆಯಲ್ಲಿ ಇನ್ನೂ ಕರೆಂಟು ಬಂದಿರಲಿಲ್ಲ. ಡಬ್ಬಿ ಖಾಲಿ. ಅತ್ತೇ ಅಂತ ಕೂಗಿದೆ. "ಕಿರುಚ್ಬ್ಯಾಡ, ಇಲ್ಲಿ ಬಾ" ಅಂತ ಅತ್ತೆ ಕೈ ಹಿಡಿದು ಕೊಟ್ಟಿಗೆಗೆ ಕರೆದುಕೊಂಡು ಹೋದರು. ಕೋಳಿ ಮುಚ್ಚುವ ದೊಡ್ಡ ಬಿದಿರು ಬುಟ್ಟಿಯನ್ನು ಸ್ವಲ್ಪ ಎತ್ತಿ ತೋರಿಸಿದರು. ಹ್ಯಾಟೆ ಮೈ ಉಬ್ಬಿಸಿಕೊಂಡು ಕೂತಿತ್ತು. ಅದರ ರೆಕ್ಕೆಯಡಿಯಿಂದ ಪಿಳ್ಳೆಯ ಜುಟ್ಟಿನ ತಲೆ ಮಾತ್ರ ಹೊರಗೆ. ಕಣ್ಣು ಅರ್ಧ ಮುಚ್ಚಿ ಹಾಯಾಗಿತ್ತು.

"ಗಾಯ ಇನ್ನೂ ಹಸಿ ಅಲ್ವಾ ಅತ್ತೆ" ಅಂದೆ, ಮೆಲ್ಲಗೆ.

"ಕೋಳಿ ತುಳ್ದು ಪಿಳ್ಳೆ ಸತ್ತಿದ್ದು ಎಲ್ಲಾದ್ರೂ ಕೇಳಿದ್ಯನೇ? ಗಾದೆ ಸುಮ್ನೆ ಮಾಡಿದಾರಾ ಹಿರೇರು?"

ಆ ಗಾದೆಯನ್ನು ನಾನು ಹುಟ್ಟಿದಾಗಿನಿಂದ ಕೇಳಿದವಳು. ಅವ್ವ ನನ್ನ ಬೆನ್ನಿಗೆ ಗುದ್ದಿ, ಆಮೇಲೆ ಎಣ್ಣೆ ಹಚ್ಚುತ್ತಾ ಅದನ್ನೇ ಹೇಳುತ್ತಿದ್ದಳು. ಗಿಡುಗನ ಬಾಯಿಂದ ಬಿಡಿಸಿಕೊಂಡ ತಾಯಿ ಅದು, ಅದರ ಹತ್ತಿರ ಅಲ್ಲದೆ ಇನ್ಯಾರ ಹತ್ತಿರ ಇರಬೇಕು ಪಿಳ್ಳೆ? ಬುಟ್ಟಿ ಮುಚ್ಚಿದೆವು. ನನಗೆ ಎಷ್ಟೋ ದಿನಗಳ ಮೇಲೆ ಹಸಿವಾಯಿತು. ಅತ್ತೆಯೂ ನಾನೂ ಚಿಮಣಿ ದೀಪದಲ್ಲಿ ಕೂತು ಉಂಡೆವು. "ಹೆಣ್ಣಾಗಿದ್ರೆ ನಿನ್ನ ಮಗಳ ಬಾಣಂತನಕ್ಕೆ ಇದರ ಮರೀನೇ ಕೊಡಣ" ಅಂದರು ಅತ್ತೆ. ಮಗಳಿಗೆ ಇನ್ನೂ ಓದು ಮುಗಿದಿಲ್ಲ, ಮದುವೆಯ ಮಾತೇ ಇಲ್ಲ. ನಾನು ನಕ್ಕೆ, ಆದರೆ ಆ ಮಾತು ನನ್ನ ಹೊಟ್ಟೆಯೊಳಗೆ ಬೆಚ್ಚಗೆ ಕೂತಿತು.

ಬೆಳಿಗ್ಗೆ ಅಂಗಳದಲ್ಲಿ ದಟ್ಟ ಇಬ್ಬನಿ. ಕೊಟ್ಟಿಗೆಯಿಂದ ಹ್ಯಾಟೆಯ ಸದ್ದು ಕೇಳಿತು. ಕುಟ್ ಕುಟ್ ಕುಟ್. ತಾಯಿ ಮರಿಗೆ ತಿನ್ನಿಸುತ್ತಿದೆ! ಬರಿಗಾಲಲ್ಲೇ ಓಡಿದೆ. ಬುಟ್ಟಿಯೊಳಗೆ ಕಾಳು ಹಾಕಿಯೇ ಇಲ್ಲವಲ್ಲ, ಏನು ತಿನ್ನಿಸುತ್ತಿದೆ ಅನ್ನುವ ಯೋಚನೆ ಬಂದದ್ದು ಬುಟ್ಟಿ ಎತ್ತಿದ ಮೇಲೆ.

ಹ್ಯಾಟೆಯ ಕೊಕ್ಕಿನಲ್ಲಿ ಕೆಂಪು ದಾರ ಇತ್ತು. ಅದನ್ನು ಹುಳ ಅಂದುಕೊಂಡಿತ್ತು ಹ್ಯಾಟೆ. ಒಳ್ಳೆಯ ಕೆಂಪು ಎರೆಹುಳ. ಹುಳ ಸಿಕ್ಕರೆ ತಾಯಿಕೋಳಿ ತಾನು ತಿನ್ನುವುದಿಲ್ಲ, ಕುಕ್ಕಿ ಕುಕ್ಕಿ ಎಳೆದು, ತುಂಡು ಮಾಡಿ, ಮರಿಯ ಮುಂದೆ ಹಾಕಿ ಕರೆಯುತ್ತದೆ. ಪಿಳ್ಳೆಯ ಬೆನ್ನಿನಿಂದ ಎಳೆದದ್ದನ್ನು ಪಿಳ್ಳೆಯ ಮುಂದೆಯೇ ಹಾಕಿ, ತಿನ್ನು ಬಾ, ತಿನ್ನು ಬಾ ಅಂತ ಕರೆಯುತ್ತಿತ್ತು. ನಾನು ಹಾಕಿದ ಹೊಲಿಗೆಯೆಲ್ಲ ಬಿಚ್ಚಿಹೋಗಿತ್ತು, ಹೊಸ ಚರ್ಮವೂ ಅದರ ಜೊತೆ ಬಂದಿತ್ತು. ಪಿಳ್ಳೆ ಮುಂದಕ್ಕೆ ಮುಗ್ಗರಿಸಿ ಬಿದ್ದಿತ್ತು, ಕೊಕ್ಕು ತಾಯಿಯ ಕಡೆಗೇ ಇತ್ತು. ಕರೆದಾಗ ಹೋಗಲು ನೋಡಿರಬೇಕು. ಗಾದೆ ಸುಳ್ಳಾಗಿರಲಿಲ್ಲ. ತಾಯಿ ತುಳಿದಿರಲಿಲ್ಲ.

ನಾನು ಕೂಗಿದ ಕೂಗಿಗೆ ಅತ್ತೆ ಓಡಿ ಬಂದರು. ನೋಡಿದರು. ನನ್ನ ನಾಲಿಗೆಯ ತುದಿಗೆ ಎಲ್ಲ ಬಂದಿತ್ತು: ದಾರ ಉದ್ದ ಬಿಡು ಅಂದವರು ನೀವು, ಇಲ್ಲಿ ತಂದು ಇಟ್ಟವರು ನೀವು, ಮೊದಲಿನಿಂದಲೂ ನಿಮಗೆ ನನ್ನ ತವರಿನದು ಅಂದರೆ ಆಗದು. ಇಷ್ಟೂ ವರ್ಷದ್ದನ್ನು ಸೇರಿಸಿ ಒಂದೇ ಸಲ ಎಸೆಯಬೇಕು ಅಂತ ಬಾಯಿ ತೆರೆದೆ. ಅತ್ತೆ ನನ್ನ ಕಡೆ ತಿರುಗಲೇ ಇಲ್ಲ. ಪಿಳ್ಳೆಯನ್ನು ಸೆರಗಿನಲ್ಲಿ ಎತ್ತಿಕೊಂಡು, ಎಡವುತ್ತಾ, ಜಗಲಿಗೆ ಹೋದರು. ಒಳಗಿನಿಂದ ಕಂಚಿನ ಬಟ್ಟಲು ತಂದು ಮುಚ್ಚಿದರು. ಗಾಳಿಗೆ ಕಡ್ಡಿ ಇಡುವುದನ್ನೂ ಮರೆಯಲಿಲ್ಲ.

ಟಣ್. ಟಣ್. ಟಣ್.

ಇಬ್ಬನಿ ಕರಗಿತು. ಬಿಸಿಲು ಅಂಗಳಕ್ಕೆ ಇಳಿದು ಜಗಲಿಯ ಮೆಟ್ಟಿಲಿಗೆ ಬಂತು. ಹಾಲು ಕರೆಯಲಿಲ್ಲ, ಕೊಟ್ಟಿಗೆಯಲ್ಲಿ ದನ ಕೂಗುತ್ತಿತ್ತು. ಒಲೆಯೂ ಹತ್ತಲಿಲ್ಲ. ಅತ್ತೆ ತಟ್ಟುತ್ತಲೇ ಇದ್ದರು. ನಾನು ಎದುರಿಗೆ ಕೂತಿದ್ದೆ. ಒಳಗಿನಿಂದ ಏನೂ ಕೇಳುತ್ತಿರಲಿಲ್ಲ.

"ಅತ್ತೆ, ಎತ್ತಿ ನೋಡಣ" ಅಂದೆ.

"ಎತ್ತಬ್ಯಾಡ." ಬಟ್ಟಲಿನ ಮೇಲೆ ಎಡಗೈ ಊರಿದರು. "ಎತ್ತಿದ್ರೆ ಸತ್ತಿರತ್ತೆ ಕಣೆ. ಇನ್ನೊಂಚೂರು ತಟ್ಟಣ."

ಅವರ ಬೆರಳ ಗಿಣ್ಣು ಕೆಂಪಾಗಿತ್ತು. ಸೆರಗಿನಲ್ಲಿ ಪಿಳ್ಳೆಯ ರಕ್ತ ಒಣಗಿ ಕಂದಾಗಿತ್ತು. ನಾನು ಹತ್ತಿರ ಸರಿದು ಅವರ ಕೈ ಮೆಲ್ಲಗೆ ತೆಗೆದು ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. ನಾಲಿಗೆಯ ತುದಿಯಲ್ಲಿದ್ದ ಮಾತುಗಳೆಲ್ಲ ಎಲ್ಲಿ ಹೋದವೋ ಗೊತ್ತಿಲ್ಲ. ಇನ್ನೊಂದು ಕೈಯಿಂದ ನಾನೇ ತಟ್ಟತೊಡಗಿದೆ. ನನ್ನ ಕೈ ಸೋತಾಗ ಅವರು ತಟ್ಟಿದರು. ಹ್ಯಾಟೆ ಕೊಟ್ಟಿಗೆಯಿಂದ ಬಂದು ಅಂಗಳದಲ್ಲಿ ಸುತ್ತತೊಡಗಿತು.

ಮಧ್ಯಾಹ್ನ ಊಟಕ್ಕೆ ಬಂದ ನನ್ನ ಗಂಡ ಅಂಗಳದಲ್ಲೇ ನಿಂತು ನಮ್ಮಿಬ್ಬರನ್ನೂ ನೋಡಿದರು. ಈ ಸಲ ನಗಲಿಲ್ಲ. ಮೆಟ್ಟಿಲು ಹತ್ತಿ ಬಂದು ಬಗ್ಗಿ, ಬಟ್ಟಲಿನ ಅಂಚನ್ನು ತಮಗೆ ಮಾತ್ರ ಕಾಣುವಷ್ಟು ಎತ್ತಿದರು. ನೋಡಿದರು. ಆಮೇಲೆ ಸದ್ದಾಗದ ಹಾಗೆ ಮತ್ತೆ ಮುಚ್ಚಿಟ್ಟರು.

"ಸಾಕು ಬಿಡಮ್ಮ" ಅಂದರು.

ಅತ್ತೆ ನನ್ನ ಮುಖ ನೋಡಿದರು. ಆಮೇಲೆ ಮತ್ತೆ ಬಟ್ಟಲಿಗೆ ಬೆರಳು ಇಟ್ಟು ತಟ್ಟಿದರು. ಅಂಗಳದಲ್ಲಿ ಹ್ಯಾಟೆ ಒಂದು ಕಾಳು ಎತ್ತಿ, ಕೆಳಗೆ ಹಾಕಿ, ಕುಟ್ ಕುಟ್ ಕುಟ್ ಅಂತ ಕರೆಯುತ್ತಾ ನಿಂತಿತ್ತು.